ಹಳೆಯ ವೈನ್ ಕೊಳ್ಳುವಾಗ ಅಂಗಡಿಯವರನ್ನು ಏನೇನು ಕೇಳಬೇಕು? ಅನುಭವ ಇದ್ದವರು ಹೇಳಿ

ಪ್ರಶ್ನೆ, ಬೀದರ್‌ನಿಂದ:
ನಮ್ಮ ಮದುವೆ ಆಗಿದ್ದು 2014ರಲ್ಲಿ. ಅದೇ ವರ್ಷದ ಒಂದು ಕೆಂಪು ವೈನ್ ಬೇಕಾಗಿದೆ. ಇಲ್ಲಿ ಎಲ್ಲೂ ಸಿಗಲಿಲ್ಲ. ಬೆಂಗಳೂರಿನ ಒಂದು ಅಂಗಡಿಯವರು ಇದೆ ಅಂತಿದ್ದಾರೆ, ಬೆಲೆ ಎಂಟು ಸಾವಿರದ ಹತ್ತಿರ. ಇಷ್ಟು ದುಡ್ಡು ಕೊಟ್ಟು ತಂದು, ತೆಗೆದ ಮೇಲೆ ಕೆಟ್ಟಿದ್ದರೆ ವಾಪಸ್ ತಗೊಳ್ತಾರಾ? ಹೀಗೆ ಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಕಲಬುರಗಿಯಿಂದ:
ಅಣ್ಣಾ, ನಾನೂ ಬೆಂಗಳೂರಿನಿಂದಲೇ ತರಿಸುವವನು. ಎರಡು ಅಂಗಡಿಗಳ ಕಥೆ ಹೇಳುತ್ತೇನೆ, ಹೆಸರು ಬೇಡ.

ಮೊದಲನೇ ಅಂಗಡಿಗೆ ಫೋನ್ ಮಾಡಿ ಫ್ರಾನ್ಸ್‌ನ ಬೋರ್ಡೋ ಪ್ರದೇಶದ 2010ರ ವೈನ್ ಇದೆಯಾ ಅಂತ ಕೇಳಿದೆ. ಇದೆ ಸರ್, ಯಾರನ್ನಾದರೂ ಕಳಿಸಿ ಅಂದರು. ನಮ್ಮ ಅಳಿಯ ಹೋಗಿ ದುಡ್ಡು ಕೊಟ್ಟು, ಕಟ್ಟಿಸಿಕೊಂಡು ತಂದ. ಮನೆಯಲ್ಲಿ ಬಿಚ್ಚಿ ನೋಡಿದರೆ ಹೆಸರು ಅದೇ, ಲೇಬಲ್ ಅದೇ, ವರ್ಷ ಮಾತ್ರ 2013! ಕೇಳಿದರೆ 'ಮೂರು ವರ್ಷ ಅಷ್ಟೇ ಅಲ್ವಾ ಸರ್, ರುಚಿ ಒಂದೇ' ಅಂದರು. ಒಂದೇ ಅಲ್ಲ. ಲೇಬಲ್ ಮೇಲಿನ ವರ್ಷ ಅಂದರೆ ದ್ರಾಕ್ಷಿ ಕೊಯ್ದ ವರ್ಷ. ಬೋರ್ಡೋದಲ್ಲಿ 2010 ಬಹಳ ಒಳ್ಳೆಯ ಬೆಳೆ ಬಂದ ವರ್ಷ, 2013ರಲ್ಲಿ ಚಳಿ ಮಳೆಗೆ ಸಿಕ್ಕು ದ್ರಾಕ್ಷಿ ಸರಿಯಾಗಿ ಹಣ್ಣಾಗಲೇ ಇಲ್ಲ. ಬೆಲೆಯಲ್ಲೂ ಅಜಗಜಾಂತರ ಇರುತ್ತದೆ. ಅವರು ಬದಲಿಸಿ ಕೊಡಲಿಲ್ಲ. ಬಿಲ್‌ನಲ್ಲಿ ಬರೀ ಹೆಸರು ಬರೆದು ವರ್ಷ ಬಿಟ್ಟಿದ್ದರು, ಅದನ್ನೇ ಹಿಡಿದು ವಾದ ಮಾಡಿದರು. ಇವತ್ತಿಗೂ ಅದನ್ನು ನೆನೆದರೆ ಸಿಟ್ಟು ಬರುತ್ತದೆ.

ಎರಡನೇ ಅಂಗಡಿಯವರು ದುಡ್ಡಿನ ಮಾತು ಎತ್ತುವ ಮೊದಲೇ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರು. ಲೇಬಲ್ಲಿನದು ಒಂದು, ಬಾಟಲಿ ನೆಟ್ಟಗೆ ನಿಲ್ಲಿಸಿ ಕತ್ತಿನದು ಒಂದು, ಬಾಯಿಯದು ಒಂದು. ಕತ್ತಿನ ಫೋಟೋ ಯಾಕೆ ಅಂದರೆ, ಹತ್ತು ಹದಿನೈದು ವರ್ಷದ ವೈನ್ ಕತ್ತಿನೊಳಗೇ ಇರಬೇಕು. ಭುಜದ ತನಕ ಇಳಿದಿದ್ದರೆ ಕಾರ್ಕ್ ಸಡಿಲವಾಗಿ ಒಳಗೆ ಗಾಳಿ ಆಡಿದೆ ಅಂತ ಅನುಮಾನ ಪಡಬೇಕು. ಕಾರ್ಕ್ ಮೇಲೆ ಉಬ್ಬಿದ್ದರೆ, ಬಾಯಿಯ ಹಾಳೆ ಅಂಟಂಟಾಗಿದ್ದರೆ ಎಲ್ಲೋ ಬಿಸಿ ತಿಂದಿದೆ. ಎಲ್ಲಿಟ್ಟಿದ್ದೀರಿ ಅಂತ ಕೇಳಿದೆ. ವರ್ಷಪೂರ್ತಿ 13-14 ಡಿಗ್ರಿಯ ಕೋಣೆಯಲ್ಲಿ ಅಡ್ಡಡ್ಡ ಮಲಗಿಸಿಟ್ಟಿದ್ದೇವೆ ಅಂತ ಹೇಳಿ ಆ ಕೋಣೆಯ ಫೋಟೋನೂ ಹಾಕಿದರು. ಇಷ್ಟಾದರೂ ಬಾಟಲಿ ಕೆಟ್ಟಿತ್ತು! ತೆಗೆದ ಕೂಡಲೇ ನೆನೆದ ರಟ್ಟಿನ ವಾಸನೆ. ಅದು ಕಾರ್ಕ್‌ನಿಂದಲೇ ಬರುವ ದೋಷ, ಟಿಸಿಎ ಅಂತಾರೆ, ಮುಚ್ಚಿದ ಬಾಟಲಿ ನೋಡಿ ಅದನ್ನು ಯಾರೂ ಹೇಳಲಾರರು. ಫೋನ್ ಮಾಡಿದೆ. ಮತ್ತೆ ಕಾರ್ಕ್ ಹಾಕಿ ಫ್ರಿಜ್‌ನಲ್ಲಿಡಿ ಸರ್, ಯಾರಾದರೂ ಈ ಕಡೆ ಬರುವಾಗ ಕೊಟ್ಟು ಕಳಿಸಿ ಅಂದರು. ಆಮೇಲೆ ಮೂಸಿ ನೋಡಿ, ಒಂದು ಮಾತೂ ಆಡದೆ ಬೇರೆ ಬಾಟಲಿ ಕೊಟ್ಟರು. ಅವತ್ತಿನಿಂದ ನಾನು ಆ ಅಂಗಡಿ ಬಿಟ್ಟು ಬೇರೆ ಕಡೆ ಹೋಗಿಲ್ಲ, ಬೆಲೆ ಸ್ವಲ್ಪ ಜಾಸ್ತಿ ಆದರೂ ಸರಿ.

ಹಾಗಾಗಿ ನೀವು ಈಗಲೇ ಫೋಟೋ ಕೇಳಿ. ಕಳಿಸಲು ಹಿಂದೆಮುಂದೆ ನೋಡಿದರೆ ಆ ಅಂಗಡಿ ಬಿಟ್ಟುಬಿಡಿ.

ಯಾದಗಿರಿಯಿಂದ:
ಎಲ್ಲರೂ ಅಂಗಡಿಯವರನ್ನೇ ಬಯ್ಯುತ್ತಾರೆ, ದಾರಿಯ ಬಿಸಿಲನ್ನು ಮರೆಯುತ್ತಾರೆ. ನಮ್ಮ ಕಡೆ ಏಪ್ರಿಲ್-ಮೇನಲ್ಲಿ 42 ಡಿಗ್ರಿ ದಾಟುತ್ತದೆ, ನಿಲ್ಲಿಸಿದ ಕಾರಿನ ಡಿಕ್ಕಿಯೊಳಗೆ ಇನ್ನೂ ಜಾಸ್ತಿ. ಒಂದು ಮಧ್ಯಾಹ್ನ ಸಾಕು, ಹಳೆಯ ವೈನ್ ಬೆಂದುಹೋಗುತ್ತದೆ. ಡಿಸೆಂಬರ್-ಜನವರಿಯಲ್ಲಿ ತನ್ನಿ, ಇಲ್ಲಾಂದ್ರೆ ಎಸಿ ಕಾರಿನಲ್ಲಿ ಕಾಲ ಬುಡದಲ್ಲೇ ಇಟ್ಟುಕೊಂಡು ರಾತ್ರಿ ಹೊರಡಿ. ಮದುವೆ ದಿನ ಬೇಸಿಗೆಯಲ್ಲಿ ಇದ್ದರೆ, ದುಡ್ಡು ಕೊಟ್ಟು ಬಾಟಲಿಯನ್ನು ಅವರ ತಣ್ಣನೆ ಕೋಣೆಯಲ್ಲೇ ಇಡಲು ಹೇಳಿ. ಕೆಲವರು ಒಪ್ಪುತ್ತಾರೆ, ಕೇಳಿ ನೋಡಿ. ನಮ್ಮೂರ ಅಂಗಡಿಗಳ ಮೇಲಿನ ಶೆಲ್ಫ್‌ನಲ್ಲಿ ಟ್ಯೂಬ್‌ಲೈಟ್ ಕೆಳಗೆ ವರ್ಷಗಟ್ಟಲೆ ನಿಂತ ಬಾಟಲಿಯನ್ನು 'ಹಳೇದಾದಷ್ಟು ಒಳ್ಳೇದು' ಅಂತ ಕೊಟ್ಟರೆ ಮಾತ್ರ ಖಂಡಿತ ಬೇಡ.

ಕಲಬುರಗಿಯಿಂದ, ಕೌಂಟರ್‌ನಲ್ಲಿ ಕೆಲಸ ಮಾಡಿದವರು:
ನಾನು ಹೈದರಾಬಾದ್‌ನಲ್ಲಿ ಕೆಲವು ವರ್ಷ ವೈನ್ ಮಾರಿದ್ದೇನೆ. ಯಾದಗಿರಿಯವರ ಮಾತು ನೂರಕ್ಕೆ ನೂರು ನಿಜ. ಹೆಚ್ಚಿನ ವೈನ್‌ಗಳು ಒಂದೆರಡು ವರ್ಷದಲ್ಲಿ ಕುಡಿಯಲೆಂದೇ ಮಾಡಿದವು, ಬಿಳಿ ಮತ್ತು ರೋಸೆ, ಅಂದರೆ ಗುಲಾಬಿ ಬಣ್ಣದ ವೈನ್‌ಗಳಂತೂ ಹೌದು. 2014ರದು ಇವತ್ತಿಗೂ ಚೆನ್ನಾಗಿರಬೇಕಾದರೆ ಬೋರ್ಡೋ, ಇಟಲಿಯ ಬರೋಲೋ, ಸ್ಪೇನ್‌ನ ರಿಯೋಹ ಗ್ರಾನ್ ರಿಸರ್ವಾ ಇಂಥವೇ ಆಗಬೇಕು. ಪೋರ್ಚುಗಲ್‌ನ ಪೋರ್ಟ್ ವೈನ್ ಸಿಕ್ಕರೆ ಇನ್ನೂ ಧೈರ್ಯವಾಗಿ ಕೊಳ್ಳಿ, ಅದರಲ್ಲಿ ಆಲ್ಕೋಹಾಲ್ 20 ಪರ್ಸೆಂಟ್ ಹತ್ತಿರ ಇರುವುದರಿಂದ ಬಹಳ ಕಾಲ ತಾಳುತ್ತದೆ.

ಗ್ರಾಹಕರಿಗೂ ಒಂದು ಮಾತು. ತಳದಲ್ಲಿ ಗಸಿ ಇದೆ, ಗಾಜಿನ ಚೂರು ಇದೆ ಅಂತ ಎಷ್ಟೋ ಜನ ಜಗಳಕ್ಕೆ ಬರುತ್ತಿದ್ದರು. ಗಸಿ ಹಳೆಯ ಕೆಂಪು ವೈನ್‌ನಲ್ಲಿ ಇರುವುದೇ, ಗಾಜಿನ ಚೂರಿನಂತೆ ಕಾಣುವುದು ದ್ರಾಕ್ಷಿಯಲ್ಲೇ ಇರುವ ಟಾರ್ಟರಿಕ್ ಆಮ್ಲದ ಹರಳು, ಎರಡರಿಂದಲೂ ತೊಂದರೆ ಇಲ್ಲ. ಹಿಂದಿನ ದಿನವೇ ಬಾಟಲಿ ನೆಟ್ಟಗೆ ನಿಲ್ಲಿಸಿ, ನಿಧಾನವಾಗಿ ಬಗ್ಗಿಸಿ, ಗಸಿ ತಳದಲ್ಲೇ ಉಳಿಯುತ್ತದೆ. ವಾಪಸ್ ಕೊಡುವುದಾದರೆ ಮೂಸಿ, ಒಂದು ಗುಟುಕು ರುಚಿ ನೋಡಿ, ಅಲ್ಲಿಗೇ ನಿಲ್ಲಿಸಿ. ಮುಕ್ಕಾಲು ಬಾಟಲಿ ಖಾಲಿ ಮಾಡಿ ತಂದರೆ ಯಾವ ಮಾಲೀಕನೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಕಾರ್ಕ್ ಎಸೆಯಬೇಡಿ.

ಬೀದರ್‌ನಿಂದ, ಇನ್ನೊಬ್ಬರು:
ಅಣ್ಣಾ, ಬಿಲ್ ವಿಷಯ ನಾನು ಸೇರಿಸುತ್ತೇನೆ. ಬಿಲ್‌ನಲ್ಲಿ ವೈನ್ ಹೆಸರಿನ ಪಕ್ಕ 2014 ಅಂತ ಬರೆಸಿಯೇ ದುಡ್ಡು ಕೊಡಿ. ವಾಪಸ್ ತಗೊಳ್ಳುತ್ತೇವೆ ಅಂದರೆ ಅದನ್ನೂ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ, ಬಾಯಿಮಾತು ಬೇಡ. ಹಳೆಯ ಬಾಟಲಿಗೆ ಗ್ಯಾರಂಟಿ ಇಲ್ಲ ಅಂತ ಮೊದಲೇ ಹೇಳುವವರೂ ಇದ್ದಾರೆ, ಹಾಗೆ ನೇರವಾಗಿ ಹೇಳಿದವರ ಹತ್ತಿರ ಕೊಳ್ಳುವುದು ಬಿಡುವುದು ನಿಮ್ಮಿಷ್ಟ. ಆದರೆ ಏನೂ ಹೇಳದೆ ಮಾರಿ, ಆಮೇಲೆ ದೋಷ ಇರುವ ಮಾಲನ್ನು ವಾಪಸ್ ತಗೊಳ್ಳಲ್ಲ ಅನ್ನುವಂತಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಅದು ಅನುಚಿತ ವ್ಯಾಪಾರ. ಬಿಲ್‌ನಲ್ಲಿ ಗಡುವು ಬರೆದಿಲ್ಲದಿದ್ದರೆ 30 ದಿನದೊಳಗೆ ವಾಪಸ್ ಪಡೆದು ದುಡ್ಡು ಕೊಡಬೇಕು. ಬಿಲ್ ಕೊಡದೇ ಇರುವುದೂ ಅದೇ ಕಾಯ್ದೆಯಡಿ ತಪ್ಪು.

ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಬಗೆಹರಿಯದಿದ್ದರೆ ಅಂಗಡಿ ಬೆಂಗಳೂರಿನಲ್ಲಿದ್ದರೂ ನೀವು ಬೀದರ್‌ನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ವಾಸ ಇರುವ ಊರಿನಲ್ಲಿ ದೂರು ಕೊಡಲು ಈ ಕಾಯ್ದೆ ಅವಕಾಶ ಕೊಟ್ಟಿದೆ. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ.