ಶೆವರ್ಲೆ ಕಾರ್ವೇರ್ ನಿಜವಾಗ್ಲೂ ಡೇಂಜರ್ ಗಾಡಿನಾ, ಇಲ್ಲಾ ಸುಮ್ನೆ ಕೆಟ್ಟ ಹೆಸ್ರಾ?

ಕುವೆಂಪುನಗರ_ಕಾರ್‌ಹುಚ್ಚ:
ಎಲ್ರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ ಅಮೇರಿಕಾದಲ್ಲಿ ಓದ್ತಿದ್ದಾಗ ಸೆಕೆಂಡ್‌ಹ್ಯಾಂಡ್ ಕಾರ್ವೇರ್ ಇಟ್ಕೊಂಡಿದ್ರಂತೆ. ಇಂಜಿನ್ ಹಿಂದ್ಗಡೆ, ಮುಂದೆ ಗ್ರಿಲ್ಲೇ ಇಲ್ಲ. ಯೂಟ್ಯೂಬಲ್ಲಿ ಒಬ್ಬ ಅದು ಯಮನ ಗಾಡಿ ಅಂತಾನೆ, ಇನ್ನೊಬ್ಬ ಅಂಥ ಗಾಡಿ ಮತ್ತೆ ಹುಟ್ಲಿಲ್ಲ ಅಂತಾನೆ, ಸರ್ಕಾರ ಬ್ಯಾನ್ ಮಾಡ್ತು ಅಂತಾನೂ ಓದ್ದೆ. ದೊಡ್ಡಪ್ಪನ್ನ ಕೇಳಿದ್ರೆ ಹೀಟರ್ ಹಾಕಿದ್ರೆ ಆಯಿಲ್ ವಾಸ್ನೆ ಬರ್ತಿತ್ತು ಅಂತಾರೆ ಅಷ್ಟೇ. ಗೊತ್ತಿರೋರು ಹೇಳಿ.

ಹಳೇಗಾಡಿ_ಮೈಸೂರು:
ಬ್ಯಾನ್ ಗೀನ್ ಏನಿಲ್ಲ, ಕಂಪ್ನಿಯವ್ರೇ 1969ರಲ್ಲಿ ನಿಲ್ಸಿದ್ದು. ಐವತ್ತರ ದಶಕದ ಕೊನೇಲಿ ಫೋಕ್ಸ್‌ವ್ಯಾಗನ್ ಬೀಟಲ್ ಅಮೇರಿಕಾದಲ್ಲಿ ಚೆನ್ನಾಗಿ ಓಡ್ತಿತ್ತು, ಅದಕ್ಕೆ ಉತ್ತರ ಕೊಡೋಕೆ 1959ರ ಕೊನೇಲಿ ಫೋರ್ಡ್‌ನೋರು ಫಾಲ್ಕನ್ ಬಿಟ್ರು, ಅದು ದೊಡ್ಡ ಕಾರನ್ನೇ ಚಿಕ್ಕದು ಮಾಡಿದ್ದು ಅಷ್ಟೇ. ಶೆವರ್ಲೆ ಮುಖ್ಯಸ್ಥ ಎಡ್ ಕೋಲ್ ಮಾತ್ರ ಎಲ್ಲಾ ಹೊಸದಾಗೇ ಮಾಡ್ಸಿದ್ರು. ಅಲ್ಯೂಮಿನಿಯಂ ಇಂಜಿನ್ನು, ಆರು ಸಿಲಿಂಡರ್ ಮೂರು ಆ ಕಡೆ ಮೂರು ಈ ಕಡೆ ಮಲಗ್ಸಿದ್ದು, 2.3 ಲೀಟರ್, 80 ಹಾರ್ಸ್‌ಪವರ್, ರೇಡಿಯೇಟರೇ ಇಲ್ಲ ಗಾಳೀಲೇ ತಣ್ಣಗಾಗೋದು. 1962ರಲ್ಲಿ 150 ಹಾರ್ಸ್‌ಪವರ್ ಟರ್ಬೋ (ಇಂಜಿನ್‌ಗೆ ಗಾಳಿ ಒತ್ತಿ ತುಂಬೋ ಯಂತ್ರ) ಕೂಡ ಬಂತು, ಆಗ ಕಾರಲ್ಲಿ ಟರ್ಬೋ ಅಂದ್ರೆ ಯಾರ್ಗೂ ಗೊತ್ತೇ ಇರ್ಲಿಲ್ಲ.

ಗೋಳು ಇದ್ದಿದ್ದು ಹಿಂದಿನ ಸಸ್ಪೆನ್ಷನ್ನಲ್ಲಿ. ತೂಕ ನೂರಕ್ಕೆ ಅರವತ್ತಕ್ಕಿಂತ ಜಾಸ್ತಿ ಹಿಂದೆ, ಆಕ್ಸಲ್‌ಗೆ ಜಾಯಿಂಟ್ ಇರೋದು ಒಳಗಡೆ ತುದೀಲಿ ಮಾತ್ರ, ಚಕ್ರದ ಹತ್ರ ಇಲ್ಲ. ಚಾಮುಂಡಿ ಬೆಟ್ಟ ಇಳಿಯೋವಾಗ ತಿರುವಲ್ಲಿ ಹೆದ್ರಿ ದಿಢೀರ್ ಅಂತ ಆಕ್ಸಿಲರೇಟರ್ ಬಿಡ್ತೀವಲ್ಲ, ಇದ್ರಲ್ಲಿ ಹಂಗ್ ಮಾಡಿದ್ರೆ ಹಿಂಭಾಗ ಮೇಲೇಳುತ್ತೆ, ಹೊರಗಡೆ ಚಕ್ರ ಒಳಕ್ಕೆ ಮಡಚ್ಕೊಳುತ್ತೆ, ಗಾಡಿ ಗಿರಕಿ ಹೊಡೆಯುತ್ತೆ. ಮುಂದೆ ಒಂದು ಸ್ಟೆಬಿಲೈಸರ್ ಬಾರ್ (ತಿರುವಲ್ಲಿ ಗಾಡಿ ವಾಲೋದನ್ನ ಕಮ್ಮಿ ಮಾಡೋ ಸಲಾಕೆ) ಹಾಕಿದ್ರೆ ಎಷ್ಟೋ ಸರಿಹೋಗ್ತಿತ್ತು, ದುಡ್ಡು ಉಳಿಸೋಕೆ ಅದನ್ನ ಬಿಟ್ರು. ಬದಲಿಗೆ ಮುಂದಿನ ಟೈರ್‌ಗೆ 15 ಪಾಯಿಂಟ್, ಹಿಂದಕ್ಕೆ 26 ಗಾಳಿ ಹಾಕ್ಸಿ ಅಂತ ಗಾಡಿ ಜೊತೆ ಕೊಡೋ ಪುಸ್ತಕದಲ್ಲಿ ಬರೆದ್ರು.

ಮಂಡ್ಯ_ಗ್ಯಾರೇಜ್:
ಅಲ್ಲ ಗುರು, ಮುಂದುಕ್ಕೆ 15 ಅಂದ್ರೆ ಯಾವ್ ಬಂಕ್ ಹುಡ್ಗ ಹಾಕ್ತಾನೆ, ಪಂಕ್ಚರ್ ಆಗ್ಯದೆ ಅಂತ 30 ತುಂಬ್ಸಿ ಕಳ್ಸ್ತಾನೆ. ಗಾಳಿ ನಂಬ್ಕೊಂಡು ಗಾಡಿ ಡಿಸೈನ್ ಮಾಡದು ಯಾವ್ ಬುದ್ವಂತಿಕೆ? ನಮ್ ಟಾಟಾ ನ್ಯಾನೋ ನೋಡಿ, ಅದ್ರದ್ದೂ ಇಂಜಿನ್ ಹಿಂದ್ಲೇ, ಅದ್ಕೆ ಮುಂದ್ಲ ಟೈರ್ 135 ಹಿಂದ್ಲುದು 155 ಅಗಲ ಕೊಟ್ಟವ್ರೆ, ಗಿರಾಕಿ ತಲೆ ಕೆಡಿಸ್ಕಳಂಗಿಲ್ಲ.

ವಾಸ್ನೆ ವಿಚಾರ. ಇಂಜಿನ್ ಮೇಲಿಂದ ಹಾದೋಗೋ ಬಿಸಿ ಗಾಳೀನೇ ಹೀಟರ್‌ಗೆ ಒಳೀಕ್ ಬಿಡೋದು. ಪುಶ್‌ರಾಡ್ ಟ್ಯೂಬ್‌ಗಿರೋ ರಬ್ಬರ್ ಓ-ರಿಂಗ್ (ಆಯಿಲ್ ಹೊರಗ್ ಬರ್ದಂಗೆ ತಡೆಯೋ ಬಳೆ) ಕಾವಿಗೆ ಕಲ್ಲಾಯ್ತದೆ, ಆಯಿಲ್ ಒಸ್ರಿ ಬಿಸಿ ಸಿಲಿಂಡರ್ ಮ್ಯಾಲೆ ಬೀಳ್ತದೆ, ಹೊಗೆ ಸೀದಾ ಮೂಗಿಗೆ. ಇನ್ನ ಫ್ಯಾನ್ ಬೆಲ್ಟ್ ಕತೆ ಕೇಳ್ಬ್ಯಾಡಿ. ಫ್ಯಾನು ಇಂಜಿನ್ ಮ್ಯಾಲೆ ಅಡ್ಡ ಮಲ್ಗ್ಯದೆ, ಬೆಲ್ಟ್ ಓಡ್ಸೋ ಕ್ರ್ಯಾಂಕ್ ಪುಲ್ಲಿ ನೆಟ್ಟಗೆ ನಿಂತದೆ, ಬೆಲ್ಟು ಎರಡ್ ಕಡೇನೂ ತಿರುಚ್ಕಂಡು ಓಡ್ಬೇಕು. ಲೂಜಾದ್ರೆ ಎಗ್ರೋಯ್ತದೆ, ಬೆಲ್ಟ್ ಹೋದ್ರೆ ತಣ್ಣಗ್ ಮಾಡೋ ಗಾಳೀನೇ ಇಲ್ಲ.

ಕುವೆಂಪುನಗರ_ಕಾರ್‌ಹುಚ್ಚ:
ಸೂಪರ್ ಅಣ್ಣ, ವಾಸ್ನೆ ಗುಟ್ಟು ಈಗ ಗೊತ್ತಾಯ್ತು. ಹಂಗಾದ್ರೆ ಗಾಡಿನ ಮುಗ್ಸಿದ್ದು ಕಾರುಗಳು ಸುರಕ್ಷಿತ ಅಲ್ಲ ಅಂತ ಅಮೇರಿಕಾದ ವಕೀಲ ರಾಲ್ಫ್ ನೇಡರ್ ಬರೆದ ಪುಸ್ತಕಾನೇ ತಾನೆ?

ಹಳೇಗಾಡಿ_ಮೈಸೂರು:
ಎಲ್ರೂ ಹಂಗೇ ಅಂತಾರೆ, ನಾನ್ ಒಪ್ಪಲ್ಲ. ಪುಸ್ತಕ ಬಂದಿದ್ದು 1965ರ ನವೆಂಬರಲ್ಲಿ, ಅದ್ರಲ್ಲೂ ಕಾರ್ವೇರ್ ಬಗ್ಗೆ ಮೊದಲ ಅಧ್ಯಾಯ ಮಾತ್ರ. 1964ರಲ್ಲೇ ಸ್ಟೆಬಿಲೈಸರ್ ಬಾರ್ ಬಂದಿತ್ತು, 1965ರ ಮಾಡೆಲಲ್ಲಿ ಹಿಂದಿನ ಸಸ್ಪೆನ್ಷನ್ನೇ ಬದಲಾಯ್ಸಿದ್ರು. ನಿಜವಾದ ಹೊಡ್ತ ಫೋರ್ಡ್‌ನೋರ ಮಸ್ಟ್ಯಾಂಗ್‌ದು. 1964ರ ಏಪ್ರಿಲಲ್ಲಿ ಬಂತು, ಎಂಟು ಸಿಲಿಂಡರ್ ವಿ8 ಇಂಜಿನ್ ಬೇಕಾದ್ರೂ ಸಿಗ್ತಿತ್ತು, ಕಾರ್ವೇರ್‌ಗೆ ಅದೆಲ್ಲಿ ತುರುಕ್ತೀರಾ? ಪುಸ್ತಕಕ್ಕಿಂತ ಮುಂಚೆ, 1965ರ ಏಪ್ರಿಲಲ್ಲೇ ಶೆವರ್ಲೆಯ ಮೂಲ ಕಂಪ್ನಿ ಜನರಲ್ ಮೋಟಾರ್ಸ್ ಒಳಗೆ ಇದಕ್ಕಿನ್ನು ಹೊಸ ಕೆಲ್ಸ ಬೇಡ ಅಂತ ತೀರ್ಮಾನ ಆಗಿತ್ತು. ಕೊನೇ ವರ್ಷ ಮಾಡಿದ್ದು ಬರೀ 6,000 ಗಾಡಿ.

ಸರಸ್ವತಿಪುರಂ_ವಕೀಲ:
ಹಳೇಗಾಡಿಯವ್ರೆ, ಕಂಪನಿ ಪರ ಸ್ವಲ್ಪ ಜಾಸ್ತಿನೇ ವಾದ ಮಾಡ್ತಿದೀರಿ. ನೇಡರ್ ಹಿಂದೆ ಪತ್ತೇದಾರರನ್ನ ಬಿಟ್ಟಿದ್ದು ಯಾರು? 1966ರ ಮಾರ್ಚಲ್ಲಿ ಕಂಪನಿ ಅಧ್ಯಕ್ಷ ಜೇಮ್ಸ್ ರೋಶ್ ಸೆನೆಟ್ ಮುಂದೆ ನಿಂತು ಕ್ಷಮೆ ಕೇಳ್ಬೇಕಾಯ್ತು, 1970ರಲ್ಲಿ 4,25,000 ಡಾಲರ್ ಕೊಟ್ಟು ನೇಡರ್ ಹಾಕಿದ್ದ ಕೇಸು ರಾಜಿ ಮಾಡ್ಕೊಂಡ್ರು. ಆ ಗಲಾಟೆ ಆದ್ಮೇಲೇ 1966ರಲ್ಲಿ ವಾಹನ ಸುರಕ್ಷತೆ ಕಾನೂನು ಬಂದಿದ್ದು.

ಹಳೇಗಾಡಿ_ಮೈಸೂರು:
ಪತ್ತೇದಾರರ ವಿಷ್ಯ ಹೊಲಸೇ, ಅದಕ್ಕೆ ನನ್ ವಾದ ಇಲ್ಲ. ಆದ್ರೆ 1972ರಲ್ಲಿ ಅಮೇರಿಕಾ ಸರ್ಕಾರದವ್ರೇ 1960ರಿಂದ 63ರ ಗಾಡಿಗಳನ್ನ ಟೆಸ್ಟ್ ಮಾಡಿ, ಆ ಕಾಲದ ಬೇರೆ ಕಾರುಗಳಿಗಿಂತ ಇದೇನು ಕಡೆಯಲ್ಲ ಅಂತ ರಿಪೋರ್ಟ್ ಕೊಟ್ರಲ್ಲ.

ಸರಸ್ವತಿಪುರಂ_ವಕೀಲ:
ಬೇರೆಯವಕ್ಕಿಂತ ಕಡೆಯಲ್ಲ ಅಂದ್ರೆ ಚೆನ್ನಾಗಿತ್ತು ಅಂತಲ್ಲ ಸ್ವಾಮಿ. ಆ ಬಾರ್ 1962ರಲ್ಲೇ ಎಕ್ಸ್‌ಟ್ರಾ ದುಡ್ಡು ಕೊಟ್ಟೋರಿಗೆ ಹಾಕ್ಕೊಡ್ತಿದ್ರು. ಮದ್ದು ಗೊತ್ತಿತ್ತು, ಕೈಲಿತ್ತು, ಎಲ್ರಿಗೂ ಕೊಡೋಕೆ 1964ರ ತನಕ ಕಾದ್ರು. ನನ್ ತಕರಾರು ಅಷ್ಟೇ.

ಮಂಡ್ಯ_ಗ್ಯಾರೇಜ್:
ವಕೀಲ್ರು ಹೇಳದು ಕರೆಕ್ಟು. ಒಂದ್ ಕಬ್ಣದ್ ಸಲಾಕೆ ಕಣಣ್ಣ ಅದು, ಚಿನ್ನದ್ದೇನಲ್ಲ.