ಊರಿನ ವೀರಗಲ್ಲು ಓದಬೇಕು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಮ್ಮೂರು ತಿಪಟೂರು ತಾಲ್ಲೂಕಿನಲ್ಲಿದೆ. ಈಶ್ವರನ ಗುಡಿ ಪಕ್ಕ ಒಂದು ವೀರಗಲ್ಲಿದೆ, ಅದರಲ್ಲಿ ಐದಾರು ಸಾಲು ಬರಹ. ನಮ್ಮಜ್ಜಿ ಅದಕ್ಕೆ ಎಣ್ಣೆ ಹಚ್ಚುತ್ತಿದ್ದರು. ಏನು ಬರೆದಿದೆ ಅಂತ ಊರಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಓದಿದ್ದು ಕಾಮರ್ಸ್, ಹಳಗನ್ನಡ ಹೈಸ್ಕೂಲಿಗೇ ಮುಗಿಯಿತು. ನಾನೇ ಕಲಿತು ಓದಲು ಆಗುತ್ತದಾ? ಮಾಡಿದವರು ಹೇಳಿ.

ನಿವೃತ್ತ ಕನ್ನಡ ಮೇಷ್ಟ್ರು: ಖಂಡಿತ ಆಗುತ್ತದಮ್ಮ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟ ತುಮಕೂರು ಜಿಲ್ಲೆಯದು. ತಾಲ್ಲೂಕಿನ ಹೆಸರು, ಅದರ ಮುಂದೆ ಶಾಸನದ ನಂಬರು, ಹೀಗೆ ಜೋಡಿಸಿದ್ದಾರೆ. ಶಾಸನದ ಪಾಠ ಕನ್ನಡ ಲಿಪಿಯಲ್ಲೂ ಇದೆ. ನಿಮ್ಮ ಕಲ್ಲು ಅದರಲ್ಲಿ ಇರಬಹುದು, ಇಲ್ಲದೆಯೂ ಇರಬಹುದು. ಆದರೆ ಒಂದು ಮಾತು, ಪುಸ್ತಕ ಮೊದಲು ತೆರೆಯಬೇಡಿ. ನಾನು ಆ ತಪ್ಪು ಮಾಡಿದೆ. ಅಚ್ಚಾದ ಪಾಠ ಕೈಯಲ್ಲಿ ಹಿಡಿದು ಕಲ್ಲಿನ ಮುಂದೆ ನಿಂತರೆ, ಸವೆದುಹೋದ ಅಕ್ಷರವೂ ಕಣ್ಣಿಗೆ ‘ಕಾಣುತ್ತದೆ’! ಇದ್ದದ್ದನ್ನು ಇದ್ದ ಹಾಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಗೊತ್ತಾಗದ ಕಡೆ ಚುಕ್ಕಿ ಇಡಿ. ಆಮೇಲೆ ಹೋಲಿಸಿ ನೋಡಿ. ಎಲ್ಲಿ ಎಡವಿದಿರೋ ಅಲ್ಲೇ ಲಿಪಿ ಕಲಿಯುತ್ತೀರಿ.

ಹಾಸನದಿಂದ ಒಬ್ಬರು: ಮಟಮಟ ಮಧ್ಯಾಹ್ನ ಹೋಗಬೇಡಿ, ಏನೂ ಕಾಣುವುದಿಲ್ಲ. ಕತ್ತಲಾದ ಮೇಲೆ ಹೋಗಿ ಟಾರ್ಚನ್ನು ಕಲ್ಲಿನ ಪಕ್ಕದಿಂದ, ಓರೆಯಾಗಿ ಹಿಡಿಯಿರಿ. ಅಕ್ಷರದ ಗುಣಿಯಲ್ಲಿ ನೆರಳು ಬಿದ್ದು ಸಾಲುಗಳು ಎದ್ದು ಬರುತ್ತವೆ. ನಾಲ್ಕೂ ಕಡೆಯಿಂದ ಬೆಳಕು ಬಿಟ್ಟು ಫೋಟೋ ತೆಗೆಯಿರಿ.

ಎಣ್ಣೆ ಜಿಡ್ಡು ಅಂತ ಉಜ್ಜಲು ಮಾತ್ರ ಹೋಗಬೇಡಿ. ಹತ್ತು ವರ್ಷದ ಹಿಂದೆ ನಾನು ವೈರ್ ಬ್ರಷ್ ಹಾಕಿ ಎರಡು ಅಕ್ಷರ ಹಾಳು ಮಾಡಿದೆ. ಈಗಲೂ ಆ ಊರಿನ ದಾರಿಯಲ್ಲಿ ಹೋದರೆ ಹೊಟ್ಟೆ ಚುರ್ ಅನ್ನುತ್ತದೆ. ಬರಹದ ನಕಲಿಗೆ ಪಡಿಯಚ್ಚು ತೆಗೆಯುತ್ತಾರೆ, ಅಂದರೆ ಒದ್ದೆ ಕಾಗದ ಅಂಟಿಸಿ, ಬ್ರಷ್‌ನಿಂದ ಬಡಿದು, ಮೇಲೆ ಮಸಿ ಹಾಕಿ ತೆಗೆಯುವುದು. ಅದು ಪಳಗಿದ ಕೈಯ ಕೆಲಸ, ನಮ್ಮಂಥವರಿಗಲ್ಲ. ಬೆಂಗಳೂರಿನ ಇತಿಹಾಸ ಸಂಶೋಧನಾ ಸಂಸ್ಥೆ ಮಿಥಿಕ್ ಸೊಸೈಟಿಯವರು ಈಗ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಾರೆ, ಅದರಲ್ಲಿ ಮಸಿಯ ಗೊಡವೆಯೇ ಇಲ್ಲ.

ಶಾಸನದ ಹುಚ್ಚು ಹತ್ತಿದ ಬ್ಯಾಂಕ್ ನೌಕರ: ನಾನೂ ಕಾಮರ್ಸೇ ಮೇಡಂ! ಶುರುವಿನಲ್ಲಿ ‘ಸ್ವಸ್ತಿ’ ಹುಡುಕಿ, ಎಷ್ಟೋ ಶಾಸನ ಅದರಿಂದಲೇ ಶುರುವಾಗುತ್ತವೆ. ಶಕವರ್ಷ ಕೊಟ್ಟಿದ್ದರೆ 78 ಸೇರಿಸಿ, ಇಸವಿ ಬರುತ್ತದೆ (ಒಂದು ವರ್ಷ ಆಚೀಚೆ ಆಗಬಹುದು). ಬರೀ ಸಂವತ್ಸರದ ಹೆಸರಿದ್ದರೆ ಕಷ್ಟ, ಅದು 60 ವರ್ಷಕ್ಕೊಮ್ಮೆ ಸುತ್ತಿ ಬರುತ್ತದೆ. ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ. ಎ–ಏ, ಒ–ಓ ನಡುವೆ ವ್ಯತ್ಯಾಸ ತೋರಿಸುವುದೂ ಇಲ್ಲ, ಓದುವಾಗ ನಾವೇ ತೂಗಿ ನೋಡಬೇಕು. ಈಗ ಬಳಕೆಯಲ್ಲಿಲ್ಲದ ಱ, ೞ ಎರಡನ್ನೂ ಮೊದಲೇ ಗುರುತು ಮಾಡಿಕೊಳ್ಳಿ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಪಕಾರ. ಹಳೆಯ ಕಲ್ಲಿನಲ್ಲಿ ‘ಪಳ್ಳಿ’, ‘ಪುಲಿ’ ಇರುತ್ತದೆ, ಆಮೇಲಿನದರಲ್ಲಿ ‘ಹಳ್ಳಿ’, ‘ಹುಲಿ’. ಇಸವಿಯೇ ಇಲ್ಲದ ಕಲ್ಲಿನ ಕಾಲ ಅಂದಾಜು ಮಾಡಲು ಇದೂ ಒಂದು ಸುಳಿವು. ವೀರಗಲ್ಲಾದರೆ ‘ತುಱು’ (ಅಂದರೆ ದನ) ಹುಡುಕಿ. ದನ ಹೊಡೆದುಕೊಂಡು ಹೋದವರ ಜೊತೆ ಕಾದಾಡಿ ಸತ್ತವರ ಕಲ್ಲುಗಳು ನಮ್ಮಲ್ಲಿ ಬೇಕಾದಷ್ಟಿವೆ. ಚಿತ್ರವನ್ನು ಕೆಳಗಿಂದ ಮೇಲಕ್ಕೆ ಓದಿ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ ಅಥವಾ ಜಿನ.

ಮಂಡ್ಯದ ಗೃಹಿಣಿ: ನಮ್ಮ ಕಡೆಯ ಆತಕೂರು ಶಾಸನ ಒಮ್ಮೆ ನೋಡಿ ಅಕ್ಕ. ಕ್ರಿ.ಶ. 949–50ರದು, ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಹಂದಿ ಜೊತೆ ಹೋರಾಡಿ ಸತ್ತ ಕಾಳಿ ಅನ್ನುವ ನಾಯಿಗೆ ಹಾಕಿಸಿದ ಕಲ್ಲು. ನನ್ನ ಮಗಳು ಶಾಸನ ಓದಲು ಕೂತದ್ದೇ ಆ ನಾಯಿಯಿಂದ.

ಪ್ರಶ್ನೆ ಕೇಳಿದವರು: ನಿನ್ನೆ ರಾತ್ರಿ ತಮ್ಮನ ಕೈಗೆ ಟಾರ್ಚ್ ಕೊಟ್ಟು ಕೂತೆ. ಮೊದಲ ಸಾಲಿನಲ್ಲಿ ‘ಸ್ವಸ್ತಿ’ ಸಿಕ್ಕಿತು! ಅಲ್ಲಿಂದ ಮುಂದೆ ಬರೀ ಚುಕ್ಕಿ. ಮೂರನೇ ಸಾಲಿನಲ್ಲಿ ‘ತು’ ಇದೆ, ಪಕ್ಕದ್ದು ಱ ಅನ್ನಿಸುತ್ತದೆ. ಮೇಷ್ಟ್ರೇ, ಪುಸ್ತಕ ಇನ್ನೂ ತೆರೆದಿಲ್ಲ.