8 ಓಮ್ ಮತ್ತು 16 ಓಮ್ ಕ್ಯಾಬಿನೆಟ್‌ಗಳನ್ನು ಒಟ್ಟಿಗೆ ಜೋಡಿಸಿದರೆ ಆಂಪ್‌ನ ಸೆಲೆಕ್ಟರ್ ಎಲ್ಲಿರಬೇಕು?

ಪ್ರಶ್ನೆ

ನಮಸ್ಕಾರ. ನನ್ನ ಬಳಿ ಎರಡು ಇಎಲ್34 ಟ್ಯೂಬ್‌ಗಳ, 50 ವ್ಯಾಟ್ ಸಾಮರ್ಥ್ಯದ ಗಿಟಾರ್ ಆಂಪ್ ಹೆಡ್ (ಸ್ಪೀಕರ್ ಇಲ್ಲದ ಬಿಡಿ ಆಂಪ್ಲಿಫೈಯರ್) ಇದೆ. ಅದರ ಹಿಂಬದಿಯಲ್ಲಿ ಸಮಾಂತರವಾಗಿ ಜೋಡಿಸಿದ ಎರಡು ಸ್ಪೀಕರ್ ಜ್ಯಾಕ್‌ಗಳೂ, 4, 8, 16 ಓಮ್‌ಗಳ ಸೆಲೆಕ್ಟರ್ ಒಂದೂ ಇವೆ. ಇಷ್ಟು ದಿನ 12 ಇಂಚಿನ ಎರಡು ಸ್ಪೀಕರ್‌ಗಳಿರುವ 8 ಓಮ್ ಕ್ಯಾಬಿನೆಟ್ ಒಂದನ್ನೇ ಬಳಸುತ್ತಿದ್ದುದರಿಂದ ಸೆಲೆಕ್ಟರನ್ನು ಮುಟ್ಟುವ ಪ್ರಸಂಗವೇ ಬಂದಿರಲಿಲ್ಲ. ಈಗ ನಾಲ್ಕು ಸ್ಪೀಕರ್‌ಗಳ 16 ಓಮ್ ಕ್ಯಾಬಿನೆಟ್ ಒಂದು ಸಿಕ್ಕಿದ್ದು, ಎರಡನ್ನೂ ಒಟ್ಟಿಗೆ ನುಡಿಸಬೇಕೆಂಬ ಆಸೆಯಿದೆ. ಆದರೆ ಎರಡೂ ಸೇರಿದಾಗ ಸೆಲೆಕ್ಟರ್‌ನಲ್ಲಿರುವ ಯಾವ ಅಂಕೆಗೂ ಸರಿಹೊಂದದ ಬೆಲೆ ಬರುತ್ತದೆ. ಯಾವ ಸ್ಥಾನ ಸುರಕ್ಷಿತ, ಮತ್ತು ಯಾವ ಕ್ಯಾಬಿನೆಟ್‌ಗೆ ಎಷ್ಟು ಶಕ್ತಿ ಹೋಗುತ್ತದೆ ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1

ಸಮಾಂತರ ಜೋಡಣೆಯಲ್ಲಿ ಎರಡರ ಗುಣಲಬ್ಧವನ್ನು ಮೊತ್ತದಿಂದ ಭಾಗಿಸಬೇಕು. 8ನ್ನು 16ರಿಂದ ಗುಣಿಸಿದರೆ 128, ಅದನ್ನು 24ರಿಂದ ಭಾಗಿಸಿದರೆ 5.33 ಓಮ್. ಇದಕ್ಕೆ ಹತ್ತಿರವಿರುವುದು 4, ಆದ್ದರಿಂದ ಸೆಲೆಕ್ಟರನ್ನು 4ರಲ್ಲಿಡಿ.

ಶಕ್ತಿಯ ಹಂಚಿಕೆಯ ವಿಚಾರ ಇದಕ್ಕಿಂತ ಸ್ವಾರಸ್ಯಕರವಾಗಿದೆ. ಎರಡೂ ಕ್ಯಾಬಿನೆಟ್‌ಗಳಿಗೆ ಸಿಗುವ ವೋಲ್ಟೇಜ್ ಒಂದೇ ಆಗಿರುವುದರಿಂದ ಕಡಿಮೆ ಓಮ್‌ನದು ಹೆಚ್ಚು ಕರೆಂಟ್ ಎಳೆದುಕೊಳ್ಳುತ್ತದೆ. 50 ವ್ಯಾಟ್‌ನಲ್ಲಿ ಮೂರರಲ್ಲಿ ಎರಡು ಪಾಲು, ಅಂದರೆ ಸುಮಾರು 33 ವ್ಯಾಟ್, 8 ಓಮ್ ಕ್ಯಾಬಿನೆಟ್‌ಗೆ ಹೋಗಿ, ಉಳಿದ 17 ವ್ಯಾಟ್ ಮಾತ್ರ 16 ಓಮ್‌ನದಕ್ಕೆ ದಕ್ಕುತ್ತದೆ. ಬಿಡಿ ಸ್ಪೀಕರ್‌ಗಳ ಲೆಕ್ಕದಲ್ಲಿ ನೋಡಿದರೆ ಚಿಕ್ಕ ಕ್ಯಾಬಿನೆಟ್‌ನ ಪ್ರತಿಯೊಂದಕ್ಕೂ ಹದಿನಾರು ವ್ಯಾಟ್‌ಗಿಂತ ಹೆಚ್ಚು, ದೊಡ್ಡದರ ಪ್ರತಿಯೊಂದಕ್ಕೂ ನಾಲ್ಕು ವ್ಯಾಟ್ ಚಿಲ್ಲರೆ. ಇಷ್ಟು ಕೇಳಿ ದೊಡ್ಡ ಕ್ಯಾಬಿನೆಟ್ ಮಂಕಾಗಿ ಕೇಳುತ್ತದೆಂದು ಭಾವಿಸಬೇಡಿ. ಆರೂ ಸ್ಪೀಕರ್‌ಗಳು ಒಂದೇ ಮಾದರಿಯವಾಗಿದ್ದರೆ, ಅರ್ಧ ವೋಲ್ಟೇಜ್‌ನಲ್ಲಿ ದುಡಿಯುವ ನಾಲ್ಕು ಸ್ಪೀಕರ್‌ಗಳು ಪೂರ್ಣ ವೋಲ್ಟೇಜ್‌ನಲ್ಲಿ ದುಡಿಯುವ ಎರಡಕ್ಕೆ, ಕನಿಷ್ಠ ಕೆಳಗಿನ ಸ್ವರಗಳಲ್ಲಿ, ಬಹುಮಟ್ಟಿಗೆ ಸಮನಾಗಿಯೇ ನಿಲ್ಲುತ್ತವೆ.

ಗಮನಿಸಬೇಕಾದದ್ದು ಚಿಕ್ಕ ಕ್ಯಾಬಿನೆಟ್‌ನ ತಾಳಿಕೆಯನ್ನು. 50 ವ್ಯಾಟ್ ಎಂಬುದು ಧ್ವನಿ ಒಡೆಯದಿರುವಾಗಿನ ಅಳತೆ. ವಾಲ್ಯೂಮ್ ಪೂರ್ತಿ ಏರಿಸಿ ಡಿಸ್ಟಾರ್ಷನ್‌ನಲ್ಲಿ ನುಡಿಸುವಾಗ ಅದೇ ಆಂಪ್ ಇದಕ್ಕಿಂತ ಸಾಕಷ್ಟು ಹೆಚ್ಚು ಕೊಡುತ್ತದೆ. ಚಿಕ್ಕ ಕ್ಯಾಬಿನೆಟ್‌ನಲ್ಲಿ ತಲಾ 25 ವ್ಯಾಟ್‌ನ ಸ್ಪೀಕರ್‌ಗಳಿದ್ದರೆ ಮಿತಿಯ ಅಂಚಿಗೆ ಬಂದಿರುತ್ತೀರಿ.

ಉತ್ತರ 2

4ರಲ್ಲಿಡಬೇಕೆಂಬ ತೀರ್ಮಾನವನ್ನು ನಾನೂ ಒಪ್ಪುತ್ತೇನೆ, ಆದರೆ ಕಾರಣವನ್ನೂ ಹೇಳಬೇಕು. ಸ್ಪೀಕರ್‌ನ ಇಂಪೀಡೆನ್ಸ್, ಅಂದರೆ ಧ್ವನಿಯ ಪರ್ಯಾಯ ವಿದ್ಯುತ್ತಿಗೆ ಅದು ಒಡ್ಡುವ ತಡೆ, ಟ್ಯೂಬ್‌ಗಳಿಗೆ ನೇರವಾಗಿ ಕಾಣುವುದಿಲ್ಲ. ಟ್ಯೂಬ್‌ಗಳಿಗೂ ಸ್ಪೀಕರ್‌ಗೂ ನಡುವೆ ಇರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಅದನ್ನು ಸುತ್ತುಗಳ ಅನುಪಾತದ ವರ್ಗದಷ್ಟು ಹಿಗ್ಗಿಸಿ ತೋರಿಸುತ್ತದೆ. ಲೆಕ್ಕಕ್ಕೆ ಅನುಕೂಲವಾಗಲೆಂದು ಟ್ಯೂಬ್‌ಗಳಿಗೆ ಬೇಕಾದದ್ದು 3,200 ಓಮ್ ಎಂದಿಟ್ಟುಕೊಳ್ಳಿ. ಆಗ 8 ಓಮ್ ಸ್ಥಾನದಲ್ಲಿ ಅನುಪಾತ 20ಕ್ಕೆ 1, ಅದರ ವರ್ಗ 400. ನಿಮ್ಮ 5.33 ಓಮ್ ಅಲ್ಲಿ ಸುಮಾರು 2,130 ಓಮ್ ಆಗಿ ಕಾಣುತ್ತದೆ, 4 ಓಮ್ ಸ್ಥಾನದಲ್ಲಾದರೆ ಸುಮಾರು 4,270. ಮೊದಲನೆಯದರಲ್ಲಿ ಟ್ಯೂಬ್‌ಗಳು ಹೆಚ್ಚು ಕರೆಂಟ್ ಹರಿಸಿ ಬೇಗ ಸವೆಯುತ್ತವೆ. ಎರಡನೆಯದರಲ್ಲಿ ಟ್ಯೂಬ್‌ನ ಹೆಚ್ಚು ವೋಲ್ಟೇಜ್‌ನ ತುದಿಯಾದ ಪ್ಲೇಟ್‌ನ ವೋಲ್ಟೇಜ್ ಏರಿಳಿತ ಹಿಗ್ಗಿ, ಟ್ಯೂಬ್‌ನೊಳಗಿನ ಜಾಲರಿಯಾದ ಸ್ಕ್ರೀನ್ ಗ್ರಿಡ್‌ನ ಮೇಲೂ ಟ್ರಾನ್ಸ್‌ಫಾರ್ಮರ್‌ನ ನಿರೋಧನದ ಮೇಲೂ ಒತ್ತಡ ಬೀಳುತ್ತದೆ. ಎರಡು ಪಟ್ಟಿನೊಳಗಿನ ವ್ಯತ್ಯಾಸವನ್ನು ಒಳ್ಳೆಯ ಆಂಪ್‌ಗಳು ಸಾಮಾನ್ಯವಾಗಿ ತಾಳಿಕೊಳ್ಳುತ್ತವೆ. 4ರಲ್ಲಿಟ್ಟಾಗ ನಿಮ್ಮದು 1.33 ಪಟ್ಟು ಮಾತ್ರ, ಆತಂಕಕ್ಕೆ ಕಾರಣವಿಲ್ಲ.

ನಿಜವಾದ ಅಪಾಯ ಇರುವುದು ಸ್ಪೀಕರ್ ಸಂಪರ್ಕವೇ ತಪ್ಪಿಹೋದಾಗ. ಒಮ್ಮೆ ಅಭ್ಯಾಸದ ನಡುವೆ ನನ್ನ ಕ್ಯಾಬಿನೆಟ್‌ನ ಕೇಬಲ್ ಅರ್ಧ ಕಳಚಿಕೊಂಡಿದ್ದು ತಿಳಿಯದೆ, ಧ್ವನಿ ಬರುತ್ತಿಲ್ಲವೆಂದು ವಾಲ್ಯೂಮ್ ಏರಿಸುತ್ತಲೇ ತಂತಿ ಮೀಟಿದೆ. ಆಂಪ್‌ನ ಒಳಗೆ ಚಟಚಟ ಸದ್ದು ಕೇಳಿಸಿತು. ತೆರೆದು ನೋಡಿದಾಗ ಒಂದು ಟ್ಯೂಬ್ ಸಾಕೆಟ್‌ನಲ್ಲಿ 3ನೇ ಪಿನ್ನಿನಿಂದ 2ನೇ ಪಿನ್ನಿನವರೆಗೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆಯೊಂದು ಮೂಡಿತ್ತು. ಇಎಲ್34ರಲ್ಲಿ 3ನೆಯದು ಪ್ಲೇಟ್, 2ನೆಯದು ಹೀಟರ್. ಸುಟ್ಟು ಇಂಗಾಲವಾದ ಆ ಗೆರೆಯೇ ಮುಂದೆ ವಿದ್ಯುತ್ತಿಗೆ ದಾರಿಯಾಗುವುದರಿಂದ ಒರೆಸಿದರೆ ಸಾಲದು, ಸಾಕೆಟನ್ನೇ ಬದಲಿಸಬೇಕಾಯಿತು. ಆದ್ದರಿಂದ ಎರಡೂ ಕ್ಯಾಬಿನೆಟ್‌ಗಳಿಗೆ ದಪ್ಪ ತಂತಿಯ ಸ್ಪೀಕರ್ ಕೇಬಲ್‌ಗಳನ್ನೇ ಬಳಸಿ. ಗಿಟಾರ್‌ನ ಕೇಬಲ್ ಹೊರಗಿನಿಂದ ಹಾಗೆಯೇ ಕಂಡರೂ ಅದರ ಒಳತಂತಿ ಇಷ್ಟು ಕರೆಂಟಿಗೆ ತೀರ ತೆಳು. ನುಡಿಸುತ್ತಿರುವಾಗ ಸೆಲೆಕ್ಟರನ್ನು ತಿರುಗಿಸಲೂಬೇಡಿ, ಸ್ಥಾನ ಬದಲಾಗುವ ಆ ಕ್ಷಣದಲ್ಲಿ ಸಂಪರ್ಕ ಕಡಿದುಹೋಗಬಹುದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಜೋಡಿಸುವ ಮುನ್ನ ಮಲ್ಟಿಮೀಟರ್ ಇಟ್ಟು ನೋಡಿದೆ. 8 ಓಮ್ ಎಂದು ಬರೆದಿರುವ ಕ್ಯಾಬಿನೆಟ್ 6.5 ತೋರಿಸಿತು, 16 ಓಮ್‌ನದು 3.2 ಮಾತ್ರ ತೋರಿಸಿತು. ಸ್ಪೀಕರ್ ಸುಟ್ಟಿದೆಯೇ? ಇದೇ ಜೋಡಿಯನ್ನು ‘ಕನಿಷ್ಠ 4 ಓಮ್’ ಎಂದು ಬರೆದಿರುವ ನನ್ನ ಟ್ರಾನ್ಸಿಸ್ಟರ್ ಆಂಪ್‌ಗೂ ಹಾಕಬಹುದೇ?

ಉತ್ತರ 3

6.5 ಸರಿಯಾಗಿಯೇ ಇದೆ. ಮಲ್ಟಿಮೀಟರ್ ಅಳೆಯುವುದು ಸುರುಳಿಯ ನೇರ ವಿದ್ಯುತ್ ರೋಧವನ್ನು, ಅದು ಬರೆದ ಬೆಲೆಗಿಂತ ಕಡಿಮೆಯೇ ಇರುತ್ತದೆ. ಇಂಪೀಡೆನ್ಸ್ ಆದರೋ ಸ್ವರದಿಂದ ಸ್ವರಕ್ಕೆ ಬದಲಾಗುತ್ತ, ಸ್ಪೀಕರ್‌ನ ಅನುರಣನದ ಬಳಿ ಹಲವು ಪಟ್ಟು ಮೇಲೇರುತ್ತದೆ. 8 ಎಂಬುದು ಒಂದು ಸಾಂಕೇತಿಕ ಬೆಲೆ ಅಷ್ಟೆ.

3.2 ಮಾತ್ರ ಬೇರೆ ಕಥೆ ಹೇಳುತ್ತಿದೆ. ಅದು 4 ಓಮ್ ಜೋಡಣೆಯ ಅಳತೆ. ಇಂಥ ಕೆಲವು ಕ್ಯಾಬಿನೆಟ್‌ಗಳಲ್ಲಿ, ಉದಾಹರಣೆಗೆ ಮಾರ್ಷಲ್ 1960ಎಯಲ್ಲಿ, ಹಿಂದಿನ ಫಲಕದ ಮೇಲೆಯೇ 4 ಮತ್ತು 16 ಓಮ್‌ಗಳ ಆಯ್ಕೆ ಇರುತ್ತದೆ. ನಾಲ್ಕೂ 16 ಓಮ್‌ನ ಸ್ಪೀಕರ್‌ಗಳನ್ನು ಸಮಾಂತರವಾಗಿ ಕಟ್ಟಿದರೆ 4, ಎರಡೆರಡನ್ನು ಸರಣಿಯಲ್ಲಿ ಕಟ್ಟಿ ಆ ಜೋಡಿಗಳನ್ನು ಸಮಾಂತರಗೊಳಿಸಿದರೆ 16. ಮೊದಲು ನಿಮ್ಮ ಕ್ಯಾಬಿನೆಟ್‌ನ ಫಲಕವನ್ನು ನೋಡಿ. 16ಕ್ಕೆ ಬದಲಿಸಿದ ಮೇಲೆ ಮೀಟರ್ ಹನ್ನೆರಡು ಹದಿಮೂರರ ಆಸುಪಾಸು ತೋರಿಸಬೇಕು.

ಟ್ರಾನ್ಸಿಸ್ಟರ್ ಆಂಪ್‌ಗಳಲ್ಲಿ ಸಾಮಾನ್ಯವಾಗಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಹೀಗಾಗಿ ಓಮ್ ಹೆಚ್ಚಾದಷ್ಟೂ ಶಕ್ತಿ ಕಡಿಮೆಯಾಗುತ್ತದೆಯೇ ಹೊರತು ಕೆಡುಕೇನಿಲ್ಲ. ಬರೆದ ಕನಿಷ್ಠಕ್ಕಿಂತ ಕೆಳಗಿಳಿದರೆ ಮಾತ್ರ ಕರೆಂಟ್ ಮಿತಿಮೀರಿ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಕಾದು ಸುಡಬಹುದು. 5.33 ಓಮ್ ಅದಕ್ಕೆ ಧಾರಾಳವಾಗಿ ನಡೆಯುತ್ತದೆ. ಆದರೆ ದೊಡ್ಡ ಕ್ಯಾಬಿನೆಟ್ ಈಗಿರುವಂತೆ 4ರಲ್ಲಿಯೇ ಉಳಿದರೆ ಜೋಡಿಯ ಬೆಲೆ 2.67ಕ್ಕೆ ಇಳಿಯುತ್ತದೆ, ಆಗ ಖಂಡಿತ ಹಾಕಬೇಡಿ.

ಪ್ರಶ್ನೆ ಕೇಳಿದವರು

ಫಲಕದ ಗುಂಡಿ 4ರಲ್ಲಿಯೇ ಇತ್ತು. ಬದಲಿಸಿ ಅಳೆದೆ, 12.9 ಬಂದಿತು. ಆಂಪ್‌ನ ಸೆಲೆಕ್ಟರನ್ನು 4ಕ್ಕೆ ತಂದು, ಎರಡೂ ಕೇಬಲ್‌ಗಳು ಗಟ್ಟಿಯಾಗಿ ಕೂತಿವೆಯೇ ಎಂದು ಎಳೆದು ನೋಡಿದ ಮೇಲೆಯೇ ಸ್ಟ್ಯಾಂಡ್‌ಬೈ (ಟ್ಯೂಬ್‌ಗಳು ಬಿಸಿಯಾಗಿದ್ದರೂ ಧ್ವನಿಯನ್ನು ತಡೆದಿಡುವ ಸ್ವಿಚ್) ತೆಗೆದೆ.